ಕೇಳುಗರ ನ್ಯಾಯಸ್ಥಾನದಲ್ಲಿ ರಾಬರ್ಟ್ ಜಾನ್ಸನ್

ಒಂದು ಮಧ್ಯಾಹ್ನದ ಬಿಡುವಿನಲ್ಲಿ ಬಿ.ಎ. ತರಗತಿಯ ವಿದ್ಯಾರ್ಥಿಗಳಿಬ್ಬರು ವಾದ ಮಾಡುತ್ತಲೇ ನಮ್ಮ ಕನ್ನಡ ವಿಭಾಗದ ಕೋಣೆಗೆ ಬಂದರು. ವಾದದ ವಿಷಯ ಪಂಪನೂ ಅಲ್ಲ, ಕುಮಾರವ್ಯಾಸನೂ ಅಲ್ಲ. ಅಮೆರಿಕದ ದಕ್ಷಿಣ ಸೀಮೆಯ ತರುಣ ರ‍್ಯಾಪ್ ಗಾಯಕನೊಬ್ಬನ ಮೊದಲ ಆಲ್ಬಮ್. ಒಬ್ಬನ ಮತದಲ್ಲಿ ಅದು ಬರಿಯ ಗದ್ದಲ, ಹಿಂದಿನವರ ಎಂಜಲು. ಇನ್ನೊಬ್ಬನ ಮತದಲ್ಲಿ ಅದಕ್ಕೆ ಸಮನಾದುದು ಇನ್ನೂ ಹುಟ್ಟಿಲ್ಲ. ತೀರ್ಪು ಹೇಳಬೇಕೆಂದು ಇಬ್ಬರೂ ನನ್ನ ಮೇಜಿನ ಮುಂದೆ ನಿಂತರು. ಆ ಗಾನಪ್ರಕಾರದಲ್ಲಿ ನನಗೆ ಪ್ರವೇಶವಿಲ್ಲವೆಂದು ಒಪ್ಪಿಕೊಂಡು ಜಾರಿಕೊಂಡೆ. ಆದರೆ ಅವರು ಹೊರಟುಹೋದ ಮೇಲೆ, ಅದೇ ದಕ್ಷಿಣ ಸೀಮೆಯ ಹಳೆಯ ಹಾಡುಗಾರನೊಬ್ಬನ ಬಾಳು ಮನಸ್ಸನ್ನು ಹೊಕ್ಕು ಕುಳಿತಿತು. ಅವನನ್ನೂ ಕೇಳುಗರು ಹೀಗೆಯೇ ತೂಗಿದ್ದರು. ಒಮ್ಮೆಯಲ್ಲ, ಹಲವು ಬಾರಿ ತೂಗಿದರು. ಪ್ರತಿ ಸಲವೂ ತಕ್ಕಡಿ ಬೇರೆ ಕಡೆಗೆ ವಾಲಿತು. ಇಪ್ಪತ್ತೇಳು ವರ್ಷ ಮಾತ್ರ ಬದುಕಿದ ಆ ಹಾಡುಗಾರನೇ ರಾಬರ್ಟ್ ಜಾನ್ಸನ್.

ಜಾನ್ಸನ್ ಹುಟ್ಟಿದ್ದು 1911ನೆಯ ಇಸವಿ ಮೇ 8ರಂದು, ಮಿಸಿಸಿಪಿ ರಾಜ್ಯದ ಹೇಝಲ್‌ಹರ್ಸ್ಟ್ ಎಂಬ ಊರಿನಲ್ಲಿ ಎಂಬುದು ಬಹುಮಂದಿ ಒಪ್ಪಿರುವ ಮಾತು. ತಾಯಿ ಜೂಲಿಯಾ. ಆಕೆಯ ಕೈಹಿಡಿದಿದ್ದ ಚಾರ್ಲ್ಸ್ ಡಾಡ್ಸ್ ಮರಗೆಲಸದಲ್ಲಿ ಕುಶಲನಾದ ಕಪ್ಪು ಮನುಷ್ಯ; ತಕ್ಕಮಟ್ಟಿಗೆ ಸ್ಥಿತಿವಂತ. ಬಿಳಿಯ ಭೂಮಾಲಿಕರೊಡನೆ ಅವನಿಗೆ ವೈಮನಸ್ಯ ಬೆಳೆಯಿತು. ಆ ಕಾಲದ ಮಿಸಿಸಿಪಿಯಲ್ಲಿ ಇಂಥ ಜಗಳ ನ್ಯಾಯಾಲಯದವರೆಗೆ ಹೋಗುವುದು ವಿರಳ. ಮರದ ಕೊಂಬೆಯೊಂದರಲ್ಲಿಯೇ ಮುಗಿಯುವುದುಂಟು. ಡಾಡ್ಸ್ ಊರು ತೊರೆದು ಮೆಂಫಿಸ್ ನಗರಕ್ಕೆ ಓಡಿ, ಸ್ಪೆನ್ಸರ್ ಎಂದು ಹೆಸರು ಬದಲಿಸಿಕೊಂಡು ತಲೆ ಉಳಿಸಿಕೊಂಡನು. ಗಂಡ ದೂರವಾದ ಮೇಲೆ ನೋವಾ ಜಾನ್ಸನ್ ಎಂಬ ಕೂಲಿಯವನಿಂದ ಜೂಲಿಯಾಳಿಗೆ ಹುಟ್ಟಿದ ಮಗನೇ ರಾಬರ್ಟ್. ಬಾಲ್ಯದ ಕೆಲವು ವರ್ಷ ಮೆಂಫಿಸ್ಸಿನಲ್ಲಿ, ತಂದೆಯಲ್ಲದ ಆ ಸ್ಪೆನ್ಸರನ ಮನೆಯಲ್ಲಿಯೇ ಅವನು ಬೆಳೆದನು. ಆಮೇಲೆ ತಾಯಿಯೂ ಆಕೆಯ ಹೊಸ ಗಂಡನೂ ಇದ್ದ ರಾಬಿನ್ಸನ್‌ವಿಲ್ ಬಳಿಯ ಹತ್ತಿಯ ಸೀಮೆಗೆ ಬಂದನು. ತನ್ನನ್ನು ಹೆತ್ತ ತಂದೆ ಯಾರೆಂದು ತಿಳಿದುದು ದೊಡ್ಡವನಾದ ಮೇಲೆ. ತಿಳಿದಾಗ ಆ ಹೆಸರನ್ನೇ ತಾಳಿದನು. ಹೀಗೆ ಒಂದು ಸ್ಥಿರವಾದ ಹೆಸರನ್ನು ಪಡೆಯುವುದಕ್ಕೇ ಅವನ ಬಾಲ್ಯವೆಲ್ಲ ಸಂದುಹೋಯಿತು.

ಆ ಸೀಮೆಗೆ ಡೆಲ್ಟಾ ಎಂದು ಹೆಸರು. ಮಿಸಿಸಿಪಿ ಮತ್ತು ಯಾಝೂ ನದಿಗಳ ನಡುವಣ ಚಪ್ಪಟೆಯಾದ ಕಪ್ಪು ನೆಲ. ಗುಲಾಮಗಿರಿ ಕಾನೂನಿನಿಂದ ಅಳಿದು ಅರ್ಧ ಶತಮಾನ ಕಳೆದಿದ್ದರೂ, ಕಪ್ಪು ಜನ ಅಲ್ಲಿ ಧಣಿಯ ಹೊಲವನ್ನು ಪಾಲಿಗೆ ಉಳುತ್ತಿದ್ದರು. ಬೀಜಕ್ಕೆ ಸಾಲ, ಕಾಳಿಗೆ ಸಾಲ. ಸುಗ್ಗಿಯ ಲೆಕ್ಕ ಬರೆಯುವ ಕೈ ಧಣಿಯದು. ವರ್ಷದ ಕೊನೆಗೆ ಉಳಿಯುತ್ತಿದ್ದುದು ಮತ್ತೆ ಸಾಲವೇ. ಇಂಥ ಜನಕ್ಕೆ ಶನಿವಾರದ ರಾತ್ರಿಯೊಂದು ಬಿಡುಗಡೆ. ಜೂಕ್ ಎಂದು ಕರೆಯುವ ಹಲಗೆಯ ಮನೆಗಳಲ್ಲಿ ಹೆಂಡ, ಜೂಜು, ಕುಣಿತ, ಹಾಡು. ಆ ಹಾಡಿಗೆ ಬ್ಲೂಸ್ ಎಂದು ಹೆಸರು. ವ್ಯಥೆಯನ್ನು ಅಳುತ್ತ ಹೇಳದೆ, ಕುಣಿಯಬಹುದಾದ ತಾಳದಲ್ಲಿ ಹೇಳುವುದು ಅದರ ಲಕ್ಷಣವೆನ್ನಬಹುದು. ಮಲತಂದೆಗೆ ಹೊಲದಲ್ಲಿ ದುಡಿಯುವ ಮಗ ಬೇಕಾಗಿತ್ತು. ಮಗನಿಗೆ ಗಿಟಾರು ಬೇಕಾಗಿತ್ತು.

1929ರಲ್ಲಿ ಅವನಿಗೆ ವರ್ಜೀನಿಯಾ ಟ್ರ್ಯಾವಿಸ್ ಎಂಬ ಹುಡುಗಿಯೊಡನೆ ಮದುವೆಯಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಹೆರಿಗೆಯಲ್ಲಿ ಆಕೆಯೂ ಮಗುವೂ ತೀರಿಕೊಂಡರು. ಆಗ ಅವನಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಅದೇ 1930ರಲ್ಲಿ ಸನ್ ಹೌಸ್ ಎಂಬ ಹೆಸರಾಂತ ಹಾಡುಗಾರನು ರಾಬಿನ್ಸನ್‌ವಿಲ್ ಕಡೆಗೆ ಬಂದು ನೆಲೆಸಿದನು. ಅವನೂ ಅವನ ಜೊತೆಗಾರ ವಿಲ್ಲೀ ಬ್ರೌನನೂ ನುಡಿಸುವೆಡೆಗೆಲ್ಲ ಜಾನ್ಸನ್ ಹೋಗಿ ಅವರ ಕಾಲ ಬಳಿ ಕುಳಿತುಕೊಳ್ಳುತ್ತಿದ್ದನು. ಹುಡುಗನು ಮೌತ್ ಆರ್ಗನ್ ಚೆನ್ನಾಗಿ ಬಾರಿಸುತ್ತಿದ್ದನು, ಆದರೆ ಗಿಟಾರು ಅವನ ಕೈಗೆ ಒಲಿದಿರಲಿಲ್ಲ ಎಂದು ಹೌಸ್ ಬಹುಕಾಲದ ಮೇಲೆ ನೆನಸಿಕೊಂಡಿದ್ದಾನೆ. ಹಿರಿಯರು ಗಾಳಿಗಾಗಿ ಹೊರಗೆ ಹೋದಾಗ ಹುಡುಗನು ಅವರ ವಾದ್ಯವನ್ನೆತ್ತಿಕೊಳ್ಳುವನು, ಒಳಗಿದ್ದ ಜನ ಹೊರಗೆ ಬಂದು ಆ ಕರ್ಕಶವನ್ನು ನಿಲ್ಲಿಸಿರೆಂದು ದೂರುವರು, ಹೌಸ್ ಗದರಿಸುವನು. ಜಾನ್ಸನ್ನನ ವಿಷಯದಲ್ಲಿ ಕೇಳುಗರು ಕೊಟ್ಟ ತೀರ್ಪುಗಳಲ್ಲಿ ನಮಗೆ ತಿಳಿದಿರುವ ಮೊದಲನೆಯದು ಇದು. ಅದು ಅನ್ಯಾಯದ ತೀರ್ಪೆಂದು ನಾನು ಹೇಳಲಾರೆ. ಹಣ ಕೊಟ್ಟು ಕುಣಿಯಲು ಬಂದವರಿಗೆ ಕಲಿಕೆಯವನ ತಪ್ಪುಗಳನ್ನು ಸಹಿಸಿಕೊಳ್ಳುವ ಹೊಣೆಯಿಲ್ಲ.

ಹುಡುಗನು ಊರಿನಿಂದ ಮರೆಯಾದನು. ಹೋದದ್ದು ತಾನು ಹುಟ್ಟಿದ ಹೇಝಲ್‌ಹರ್ಸ್ಟಿನ ಕಡೆಗೆ. ಅಲ್ಲಿ ಐಕ್ ಝಿಮ್ಮರ್‌ಮನ್ ಎಂಬ ಗಿಟಾರು ವಾದಕನು ಅವನನ್ನು ಮನೆಯಲ್ಲಿಟ್ಟುಕೊಂಡು ಕಲಿಸಿದನು. ರಾತ್ರಿಯ ಹೊತ್ತು ಮನೆಯ ಸಮೀಪದ ಸ್ಮಶಾನಕ್ಕೆ ಹೋಗಿ, ಗೋರಿಕಲ್ಲುಗಳ ಮೇಲೆ ಕುಳಿತು ಇಬ್ಬರೂ ಸಾಧನೆ ಮಾಡುತ್ತಿದ್ದರೆಂದು ಆ ಗುರುವಿನ ಮನೆಯವರು ಹೇಳಿದ್ದುಂಟು. ಅಲ್ಲಿ ಎಷ್ಟು ಹೊತ್ತು ನುಡಿಸಿದರೂ ಯಾರ ನಿದ್ರೆಗೂ ಭಂಗವಿಲ್ಲ. ಕರ್ಕಶವೆಂದು ದೂರುವವರೂ ಇಲ್ಲ. 1931ರಲ್ಲಿ ಅವನು ಕಲೆಟ್ಟಾ ಕ್ರಾಫ್ಟ್ ಎಂಬಾಕೆಯನ್ನು ಮದುವೆಯಾದುದೂ ಆ ಸೀಮೆಯಲ್ಲಿಯೇ. ವರ್ಷವೋ ಅದಕ್ಕೆ ಮಿಗಿಲೋ ಕಳೆದ ಮೇಲೆ ಒಂದು ರಾತ್ರಿ ಅವನು ಮತ್ತೆ ಹೌಸ್ ಮತ್ತು ಬ್ರೌನರ ಮುಂದೆ ಕಾಣಿಸಿಕೊಂಡು ಗಿಟಾರು ಎತ್ತಿಕೊಂಡನು. ಅವನು ನುಡಿಸಿ ಮುಗಿಸುವ ಹೊತ್ತಿಗೆ ಹಿರಿಯರಿಬ್ಬರೂ ಬೆರಗಾಗಿ ನಿಂತಿದ್ದರು.

ಅವನ ಕೈಚಳಕವೇನೆಂಬುದನ್ನು ಸಂಗೀತಜ್ಞನಲ್ಲದ ನಾನು ತಿಳಿದಮಟ್ಟಿಗೆ ಹೇಳುತ್ತೇನೆ. ಪಿಯಾನೋ ವಾದಕನು ಎಡಗೈಯಲ್ಲಿ ಮಂದ್ರದ ನಡೆಯನ್ನು ತಪ್ಪದೆ ನುಡಿಸುತ್ತ ಬಲಗೈಯಲ್ಲಿ ರಾಗವನ್ನು ಹೆಣೆಯುತ್ತಾನಷ್ಟೆ. ಈ ಎರಡು ಕೈಗಳ ಕೆಲಸವನ್ನೂ ಜಾನ್ಸನ್ ಒಂದೇ ಗಿಟಾರಿನ ಮೇಲೆ ಮಾಡಿದನು: ಹೆಬ್ಬೆರಳು ಮಂದ್ರವನ್ನು ಕಾಯುತ್ತಿರುವಾಗ ಉಳಿದ ಬೆರಳುಗಳು ತಾರದಲ್ಲಿ ಉತ್ತರ ಹೇಳುತ್ತಿದ್ದುವು. ಕೆಲವು ಹಾಡುಗಳಲ್ಲಿ, ನಮ್ಮ ಗೋಟುವಾದ್ಯದಲ್ಲಿ ಕೊರಡನ್ನು ಜಾರಿಸುವಂತೆ, ತಂತಿಯ ಮೇಲೆ ನಯವಾದ ಕೊಳವಿಯೊಂದನ್ನು ಜಾರಿಸಿ ಮನುಷ್ಯರ ಕೊರಳನ್ನು ಹೋಲುವ ನಾದವನ್ನು ಹೊರಡಿಸುತ್ತಿದ್ದನು. ಇದರ ಜೊತೆಗೆ ಅವನ ಸ್ವಂತ ಕೊರಳು. ಮೂವರು ಕುಳಿತು ಹಾಡುತ್ತಿದ್ದಾರೆಂಬ ಭ್ರಾಂತಿ ಕೇಳುವವರಿಗೆ ಬಂದರೆ ಆಶ್ಚರ್ಯವಿಲ್ಲ.

ಇಂಥ ಮಾರ್ಪಾಟು ಇಷ್ಟು ಬೇಗ ಆಯಿತೆಂದರೆ ಜನ ನಂಬುವುದು ಹೇಗೆ? ನಡುರಾತ್ರಿ ನಾಲ್ಕು ದಾರಿ ಕೂಡುವೆಡೆಯಲ್ಲಿ ಸೈತಾನನಿಗೆ ಆತ್ಮವನ್ನು ಮಾರಿ ವಿದ್ಯೆಯನ್ನು ಕೊಂಡನೆಂಬ ಕಥೆ ಅವನ ಹೆಸರಿಗೆ ಅಂಟಿಕೊಂಡಿತು. ಇಂಥದೇ ಕಥೆಯನ್ನು ಅವನಿಗಿಂತ ಹಿರಿಯನಾದ ಟಾಮಿ ಜಾನ್ಸನ್ ಎಂಬ ಇನ್ನೊಬ್ಬ ಹಾಡುಗಾರನ ವಿಷಯದಲ್ಲಿಯೂ ಹೇಳುತ್ತಿದ್ದರು. ನಮಗೆ ಇದು ಹೊಸದಲ್ಲ. ಕಾಳಿದಾಸನು ತಾನು ಕುಳಿತ ಕೊಂಬೆಯನ್ನೇ ಕಡಿಯುವ ಮೂಢನಾಗಿದ್ದು, ಕಾಳಿಯ ಕೃಪೆಯಿಂದ ಒಂದೇ ರಾತ್ರಿಯಲ್ಲಿ ಕವಿಯಾದನೆಂದು ನಾವು ಹೇಳಿಕೊಂಡು ಬಂದಿಲ್ಲವೆ? ಅಲ್ಲಿ ದೇವಿ, ಇಲ್ಲಿ ಸೈತಾನ. ಎರಡು ಕಡೆಯೂ ಕಳೆದುಹೋದುದು ಒಂದೇ, ಆ ಮನುಷ್ಯನ ದುಡಿಮೆ. ಕಾಳಿದಾಸನ ಸಾಧನೆಯ ದಿನಗಳು ನಮಗೆ ತಿಳಿಯವು. ಜಾನ್ಸನ್ನನಾದರೋ ಸ್ಮಶಾನದಲ್ಲಿ ರಾತ್ರಿಗಳನ್ನು ಕಳೆದುದು ಪಾಠಕ್ಕಾಗಿ. ಅವನಿಗೆ ಗುರುವೊಬ್ಬನಿದ್ದನು, ಆ ಗುರುವಿಗೆ ಮನೆಯಿತ್ತು, ಹೆಸರಿತ್ತು. ಸೈತಾನನ ಕಥೆಯನ್ನು ಬಲ್ಲ ಲಕ್ಷಾಂತರ ಮಂದಿಯಲ್ಲಿ ಝಿಮ್ಮರ್‌ಮನ್ನನ ಹೆಸರನ್ನು ಬಲ್ಲವರೆಷ್ಟು ಮಂದಿ?

1936ರ ನವೆಂಬರಿನಲ್ಲಿ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ, ಗಂಟರ್ ಹೋಟೆಲಿನ ಒಂದು ಕೋಣೆಯಲ್ಲಿ ಅವನ ಹಾಡುಗಳ ಮೊದಲ ಧ್ವನಿಮುದ್ರಣ ನಡೆಯಿತು. ಮೊದಲ ದಿನ ನವೆಂಬರ್ 23. ಅಲ್ಲಿದ್ದ ಮೆಕ್ಸಿಕೋದ ವಾದಕರ ಮುಂದೆ ನುಡಿಸೆಂದಾಗ ಅವನು ಗೋಡೆಯ ಕಡೆ ಮುಖಮಾಡಿ ಕುಳಿತನೆಂದು ಧ್ವನಿಮುದ್ರಣದ ಮೇಲ್ವಿಚಾರಕ ಡಾನ್ ಲಾ ಹೇಳಿದ್ದಾನೆ. ನಾಚಿಕೆಯೆಂದು ಕೆಲವರು, ನಾದ ಗೋಡೆಗೆ ಬಡಿದು ತುಂಬಿಬರಲೆಂಬ ಉಪಾಯವೆಂದು ಕೆಲವರು, ಬೆರಳಿನ ಗುಟ್ಟನ್ನು ಮುಚ್ಚಿಡಲೆಂದು ಮತ್ತೆ ಕೆಲವರು ಅದಕ್ಕೆ ಅರ್ಥ ಹಚ್ಚಿದ್ದಾರೆ. 1937ರಲ್ಲಿ ವೋಕಾಲಿಯನ್ ಮುದ್ರೆಯಲ್ಲಿ ಮೊದಲ ತಟ್ಟೆ ಹೊರಬಂದಿತು. ಒಂದು ಮಗ್ಗುಲಲ್ಲಿ 'ಟೆರಾಪ್ಲೇನ್ ಬ್ಲೂಸ್'. ಟೆರಾಪ್ಲೇನ್ ಆ ದಿನಗಳ ಒಂದು ಮೋಟಾರು ಕಾರಿನ ಹೆಸರು. ಕಾರಿನ ದುರಸ್ತಿಯ ನೆಪದಲ್ಲಿ ಕೈಬಿಟ್ಟ ಪ್ರಿಯೆಯನ್ನು ಕುರಿತ ಶ್ಲೇಷೆಯ ಹಾಡು ಅದು. ಸುಮಾರು ಐದು ಸಾವಿರ ಪ್ರತಿಗಳು ಮಾರಾಟವಾದುವೆಂದು ಅಂದಾಜು. ದಕ್ಷಿಣದ ಕಪ್ಪು ಜನ ಅದನ್ನು ಮೆಚ್ಚಿಕೊಂಡರು. ಅದೇ ವರ್ಷದ ಜೂನ್ ತಿಂಗಳಲ್ಲಿ ಡಲ್ಲಾಸ್ ನಗರದಲ್ಲಿ ಮತ್ತೆ ಎರಡು ದಿನ ಮುದ್ರಣ ನಡೆಯಿತು. ಒಟ್ಟು 29 ಹಾಡುಗಳು. ಆದರೆ ಮೊದಲ ತಟ್ಟೆಯಷ್ಟು ಮುಂದಿನವು ಯಾವುವೂ ಮಾರಾಟವಾಗಲಿಲ್ಲ. ಇಂದು ಅವನ ಕೀರ್ತಿಗೆ ಆಧಾರವಾಗಿರುವ ಹಾಡುಗಳಲ್ಲಿ ಹಲವು ಅಂದಿನ ಅಂಗಡಿಯಲ್ಲಿ ಧೂಳು ತಿಂದುವು.

ಹಾಗೆಂದು ಅಂದಿನ ಕೇಳುಗರನ್ನು ಅರಸಿಕರೆನ್ನಬಹುದೆ? ಅವನೊಡನೆ ಊರೂರು ಅಲೆದ ಜಾನಿ ಷೈನ್ಸ್ ಕಂಡ ಒಂದು ಸಂಗತಿಯಿದೆ. ಸೇಂಟ್ ಲೂಯಿಸ್ ನಗರದಲ್ಲಿ ಒಮ್ಮೆ ಜಾನ್ಸನ್ 'ಕಮ್ ಆನ್ ಇನ್ ಮೈ ಕಿಚನ್' ಎಂಬ ಹಾಡನ್ನು ಬಹಳ ನಿಧಾನವಾಗಿ, ತುಂಬ ಭಾವದಿಂದ ಹಾಡಿದನು. ಮುಗಿದಾಗ ಯಾರೂ ಮಾತಾಡಲಿಲ್ಲ. ಷೈನ್ಸ್ ಸುತ್ತ ನೋಡಿದರೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ಕಣ್ಣೀರಿಡುತ್ತಿದ್ದರು. ಜಾನ್ಸನ್ ಜನ ಬೇಡಿದ್ದನ್ನೆಲ್ಲ ಹಾಡಬಲ್ಲವನಾಗಿದ್ದನು; ರೇಡಿಯೋದಲ್ಲಿ ಒಮ್ಮೆ ಕೇಳಿದ ಮಟ್ಟು ಅವನಿಗೆ ಮರೆಯುತ್ತಿರಲಿಲ್ಲ. ಸಹೃದಯನಾಗುವುದಕ್ಕೆ ವಿದ್ವತ್ತು ಬೇಕೆಂದು ತರಗತಿಯಲ್ಲಿ ನಾವು ಬೋಧಿಸುತ್ತೇವೆ. ಅಕ್ಷರ ಬಾರದವರೂ ಇದ್ದ ಆ ಬಡಜನರ ಮುಂದೆ ನಮ್ಮ ಬೋಧನೆ ತುಸು ತಡವರಿಸುತ್ತದೆ.

1938ರ ಆಗಸ್ಟಿನಲ್ಲಿ, ಗ್ರೀನ್‌ವುಡ್ ಎಂಬ ಊರಿನ ಬಳಿಯ ಜೂಕ್ ಒಂದರಲ್ಲಿ ಅವನು ಹಾಡುತ್ತಿದ್ದನು. ಹೆಣ್ಣೊಬ್ಬಳ ಗಂಡನು ಅಸೂಯೆಯಿಂದ ಅವನ ಹೆಂಡದಲ್ಲಿ ವಿಷ ಬೆರೆಸಿದನೆಂಬುದು ಜೊತೆಗಾರರ ನಡುವೆ ಉಳಿದು ಬಂದ ಮಾತು. ಕೆಲವು ದಿನ ನರಳಿ 16ನೆಯ ತಾರೀಖು ಅವನು ತೀರಿಕೊಂಡನು. ಮರಣಪತ್ರದಲ್ಲಿ ಕಾರಣ ಬರೆಯಬೇಕಾದೆಡೆಯಲ್ಲಿ, ವೈದ್ಯನಿರಲಿಲ್ಲ ಎಂಬ ಷರಾ ಮಾತ್ರ ಇದೆ. ಗೋರಿಯ ನೆಲೆಯ ವಿಷಯದಲ್ಲಿಯೂ ಒಮ್ಮತವಿಲ್ಲ. ಆ ಸೀಮೆಯ ಮೂರು ಸ್ಮಶಾನಗಳಲ್ಲಿ ಇಂದು ಅವನ ಹೆಸರಿನ ಕಲ್ಲುಗಳಿವೆ.

ಈ ಸಾವು ನ್ಯೂಯಾರ್ಕಿಗೆ ತಿಳಿಯಲಿಲ್ಲ. ಅಲ್ಲಿ ಜಾನ್ ಹ್ಯಾಮಂಡ್ ಎಂಬ ಸಿರಿವಂತ ಮನೆತನದ ರಸಿಕನು ಆ ವರ್ಷದ ಡಿಸೆಂಬರ್ 23ರಂದು ಕಾರ್ನೆಗೀ ಸಭಾಂಗಣದಲ್ಲಿ ಕಪ್ಪು ಜನರ ಸಂಗೀತದ ಮಹಾಸಭೆಯೊಂದನ್ನು ಏರ್ಪಡಿಸಿದ್ದನು. ಜಾನ್ಸನ್ನನ ತಟ್ಟೆಗಳನ್ನು ಕೇಳಿ ಮರುಳಾಗಿದ್ದ ಅವನು ಹಾಡುಗಾರನನ್ನು ಕರೆತರಲು ಹೇಳಿ ಕಳುಹಿಸಿದನು, ಮರಣವಾರ್ತೆ ಬಂದಿತು. ಬಿಗ್ ಬಿಲ್ ಬ್ರೂನ್ಝಿ ಎಂಬವನನ್ನು ಆ ಸ್ಥಾನದಲ್ಲಿ ಹಾಡಿಸಿ, ಹ್ಯಾಮಂಡ್ ವೇದಿಕೆಯ ಮೇಲಿನಿಂದ ಜಾನ್ಸನ್ನನ ಎರಡು ತಟ್ಟೆಗಳನ್ನು ಸಭೆಗೆ ಕೇಳಿಸಿದನು. ಬದುಕಿದ್ದಾಗ ಆ ಸಭಾಂಗಣದ ಮೆಟ್ಟಿಲನ್ನೂ ತುಳಿಯದವನ ಕೊರಳು ನಾಲ್ಕು ತಿಂಗಳ ಮೇಲೆ ಅದರೊಳಗೆ ತುಂಬಿಕೊಂಡಿತು.

ಅವನ ಹಾಡುಗಳು ಒಂದು ಆಲ್ಬಮಿನ ರೂಪದಲ್ಲಿ ಮೊದಲ ಬಾರಿ ಬಂದುದು 1961ರಲ್ಲಿ, ಸತ್ತು ಇಪ್ಪತ್ತಮೂರು ವರ್ಷಗಳಾದ ಮೇಲೆ. ಕೊಲಂಬಿಯಾ ಸಂಸ್ಥೆ ಹೊರತಂದ ಆ ದೊಡ್ಡ ತಟ್ಟೆಯಲ್ಲಿ 16 ಹಾಡುಗಳು. ಆಗ ಅವನ ಭಾವಚಿತ್ರವೊಂದೂ ದೊರೆತಿರಲಿಲ್ಲ. ಆದುದರಿಂದ ಹೊದಿಕೆಯ ಮೇಲೆ, ಎತ್ತರದಿಂದ ನೋಡಿದಂತೆ, ಗಿಟಾರಿನ ಮೇಲೆ ಬಾಗಿದ ಮುಖ ಕಾಣದ ಮನುಷ್ಯನೊಬ್ಬನ ಚಿತ್ರ. ಅದರ ಒಂದು ಪ್ರತಿಯನ್ನು ಹ್ಯಾಮಂಡ್, ಆಗತಾನೆ ಕೊಲಂಬಿಯಾ ಸೇರಿದ್ದ ಬಾಬ್ ಡಿಲನ್ ಎಂಬ ತರುಣನಿಗೆ ಕೊಟ್ಟನು. 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದ ಕವಿ-ಗಾಯಕರೇ ಇವರು. ತಮ್ಮ ಆತ್ಮಕಥನದಲ್ಲಿ ಅವರು ಹೇಳಿರುವ ಪ್ರಸಂಗ ನನ್ನನ್ನು ಬಹಳ ಕಾಡಿದೆ. ತಟ್ಟೆಯನ್ನು ಹಿರಿಯ ಗೆಳೆಯ ಡೇವ್ ವಾನ್ ರಾಂಕನ ಮನೆಗೆ ಒಯ್ದು ಹಾಕಿದಾಗ ಡಿಲನ್ನರಿಗೆ ರೋಮಾಂಚನವಾಯಿತು. ವಾನ್ ರಾಂಕನಿಗೆ ಆಗಲಿಲ್ಲ. ಅವನು ಹಳೆಯ ಬ್ಲೂಸನ್ನು ಅರೆದು ಕುಡಿದವನು. ಈ ಹಾಡು ಇಂಥವನದರಿಂದ ಬಂದುದು, ಆ ಹಾಡು ಇಂಥವನದರಿಂದ ಬಂದುದು ಎಂದು ಮೂಲಗಳನ್ನು ತೋರಿಸುತ್ತ ಹೋದನು. ಅವನ ಮಾತು ಸುಳ್ಳಲ್ಲ. ಜಾನ್ಸನ್ ಲೆರಾಯ್ ಕಾರ್, ಸ್ಕಿಪ್ ಜೇಮ್ಸ್, ಸನ್ ಹೌಸ್ ಮೊದಲಾದವರಿಂದ ಎಷ್ಟೋ ಪಡೆದಿದ್ದನು. ಡಿಲನ್ನರು ವಾದಿಸಲಿಲ್ಲ. ಮನೆಗೆ ಬಂದು ಮತ್ತೆ ಮತ್ತೆ ಕೇಳಿದರು. ಹಾಡುಗಳ ಮಾತನ್ನು ಚೀಟಿಗಳ ಮೇಲೆ ಬರೆದುಕೊಂಡು ಅವುಗಳ ಕಟ್ಟಡವನ್ನು ಬಿಡಿಸಿ ನೋಡಿದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನು ತನ್ನ ಕವಿತೆಗಳ ನೋಟುಪುಸ್ತಕವನ್ನು ನನಗೆ ಓದಲು ಕೊಟ್ಟಿದ್ದನು. ನಾನು ಶ್ರದ್ಧೆಯಿಂದಲೇ ಓದಿದೆ. ಪ್ರತಿ ಪುಟದ ಅಂಚಿನಲ್ಲಿಯೂ ಕೆಂಪು ಶಾಯಿಯಲ್ಲಿ, ಇದು ಬೇಂದ್ರೆಯವರ ಲಯ, ಇದು ಅಡಿಗರ ಪ್ರತಿಮೆ ಎಂದು ಗುರುತುಹಾಕಿ ಹಿಂದಿರುಗಿಸಿದೆ. ಗುರುತುಗಳಲ್ಲಿ ಒಂದೂ ತಪ್ಪಿರಲಿಲ್ಲ. ಆ ನಿಖರತೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇದ್ದಿತು. ಹುಡುಗನು ವಂದಿಸಿ ಪುಸ್ತಕವನ್ನು ತೆಗೆದುಕೊಂಡು ಹೋದನು. ಆಮೇಲೆ ಎರಡು ವರ್ಷ ತರಗತಿಯಲ್ಲಿ ನನ್ನೆದುರಿಗೆ ಕುಳಿತಿದ್ದರೂ ಮತ್ತೊಂದು ಕವಿತೆಯನ್ನು ತೋರಿಸಲಿಲ್ಲ. ಯಾವುದು ಎಲ್ಲಿಂದ ಬಂದಿತೆಂದು ಹೇಳಿದ್ದೆನೇ ಹೊರತು, ಬಂದುದನ್ನು ಅವನು ಏನು ಮಾಡಿದ್ದನೆಂದು ನಾನು ಕೇಳಿಸಿಕೊಂಡಿರಲಿಲ್ಲ. ರಸಾನುಭವಕ್ಕೆ ಒದಗುವ ವಿಘ್ನಗಳನ್ನು ಅಭಿನವಗುಪ್ತನು ಏಳೆಂದು ಎಣಿಸಿದ್ದಾನೆ. ಪಾಂಡಿತ್ಯದ ಹೆಮ್ಮೆಯನ್ನು ಎಂಟನೆಯದಾಗಿ ಸೇರಿಸಬಹುದೆಂದು ಅನುಭವದಿಂದ ಹೇಳಬಲ್ಲೆ.

ಆ ಆಲ್ಬಮ್ ಸಮುದ್ರ ದಾಟಿತು. ಇಂಗ್ಲೆಂಡಿನ ಕೀತ್ ರಿಚರ್ಡ್ಸರು ಮೊದಲು ಕೇಳಿದಾಗ, ಜೊತೆಯಲ್ಲಿ ಗಿಟಾರು ನುಡಿಸುತ್ತಿರುವ ಇನ್ನೊಬ್ಬನು ಯಾರೆಂದು ವಿಚಾರಿಸಿದರಂತೆ. ಎರಿಕ್ ಕ್ಲ್ಯಾಪ್ಟನ್ನರಿಗೆ ಮೊದಲ ಸಲ ಅದು ತಾಳಲಾರದಷ್ಟು ಒರಟಾಗಿ ತೋರಿತು, ಮೆಲ್ಲಮೆಲ್ಲನೆ ಒಲಿಯಿತು, 2004ರಲ್ಲಿ ಜಾನ್ಸನ್ನನ ಹಾಡುಗಳದೇ ಒಂದು ಆಲ್ಬಮ್ಮನ್ನು ಅವರು ಹೊರತಂದರು. 1990ರಲ್ಲಿ ಬಂದ ಸಮಗ್ರ ಸಂಪುಟದ ಪ್ರತಿಗಳು ಹತ್ತು ಲಕ್ಷವನ್ನು ಮೀರಿ ಮಾರಾಟವಾದುವು. 1994ರಲ್ಲಿ ಅಮೆರಿಕದ ಸರ್ಕಾರ ಅವನ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಮೂಲದ ಭಾವಚಿತ್ರದಲ್ಲಿ ತುಟಿಗಳ ನಡುವೆ ಇದ್ದ ಸಿಗರೇಟನ್ನು ಚೀಟಿಯಲ್ಲಿ ತೆಗೆದುಹಾಕಿದ್ದರು. ಮೆಚ್ಚುಗೆಯೂ ಮನುಷ್ಯನನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ.

ಈಚಿನ ವಿದ್ವಾಂಸರು ಈ ತಿದ್ದುಪಾಡುಗಳನ್ನು ಮತ್ತೆ ತಿದ್ದುತ್ತಿದ್ದಾರೆ. ತನ್ನ ಕಾಲದ ಕಪ್ಪು ಕೇಳುಗರಲ್ಲಿ ಜಾನ್ಸನ್ ಅಷ್ಟೇನೂ ಪ್ರಸಿದ್ಧನಲ್ಲವೆಂದೂ, ಅವರ ಪ್ರೀತಿಯ ಗಾಯಕರು ಲೆರಾಯ್ ಕಾರ್, ಲಾನಿ ಜಾನ್ಸನ್ ಮೊದಲಾದವರೆಂದೂ, ಅವನನ್ನು ಒಂಟಿಯಾದ ಶಾಪಗ್ರಸ್ತನಾಗಿ ಕಂಡುದು ಬಹುಮಟ್ಟಿಗೆ ಮುಂದಿನ ತಲೆಮಾರಿನ ಬಿಳಿಯ ರಸಿಕರ ಕಲ್ಪನೆಯೆಂದೂ ಅವರು ತೋರಿಸಿಕೊಟ್ಟಿದ್ದಾರೆ. ಇದು ಕೂಡ ನ್ಯಾಯವಾದ ಮಾತೇ. ಆದರೆ ನನ್ನ ಪಾಲಿಗೆ ಅತ್ಯಂತ ಪ್ರಬಲವಾದ ಸಾಕ್ಷ್ಯ ಅವನ ತಟ್ಟೆಗಳಲ್ಲಿಯೇ ಇದೆ. ಕೆಲವು ಹಾಡುಗಳನ್ನು ಅವನು ಧ್ವನಿಮುದ್ರಣದ ಕೋಣೆಯಲ್ಲಿ ಎರಡೆರಡು ಬಾರಿ ಹಾಡಿದ್ದಾನೆ, ಎರಡೂ ಉಳಿದಿವೆ. ಜೊತೆಗಿಟ್ಟು ಕೇಳಿದರೆ ವ್ಯತ್ಯಾಸ ಬಹಳ ಕಡಮೆ. ಎಲ್ಲಿ ತಂತಿ ಮಾತಾಡಬೇಕು, ಎಲ್ಲಿ ಕೊರಳು ತಗ್ಗಬೇಕು ಎಂಬುದು ಹೆಚ್ಚುಕಡಮೆ ಎಲ್ಲವೂ ಮೊದಲೇ ನಿಶ್ಚಯವಾಗಿದೆ. ಮೂರು ನಿಮಿಷದ ತಟ್ಟೆಗಾಗಿಯೇ ಅಳೆದು ಕಟ್ಟಿದ ಕೃತಿಗಳು ಅವು. ಆವೇಶ ಬಂದವನು ಹೀಗೆ ಎರಡು ಸಲ ಒಂದೇ ಅಳತೆಯಲ್ಲಿ ಹಾಡಲಾರ. ಬರೆದು, ಅಳಿಸಿ, ಮತ್ತೆ ಬರೆದ ಕುಶಲಿಯ ಕೆಲಸವದು. ಹಾಗಾದರೆ ಸೈತಾನನಿಗೆ ಇಲ್ಲಿ ಪಾಲಿಲ್ಲ.

ಮೊದಲು ದೂರಿದವರು, ಮೂಲಗಳನ್ನು ತೋರಿಸಿದವರು, ಒಮ್ಮೆಗೇ ಮರುಳಾದವರು, ಎಲ್ಲರ ಮಾತಿನಲ್ಲಿಯೂ ಒಂದೊಂದು ತುಣುಕು ಸತ್ಯವಿತ್ತು. ಆದರೆ ಸತ್ಯದ ತುಣುಕೊಂದು ಕೈಗೆ ಸಿಕ್ಕಿದೊಡನೆ ಕೇಳುವುದನ್ನು ನಿಲ್ಲಿಸಿದವರಿಂದ ಅವನಿಗೆ ಅನ್ಯಾಯವಾಯಿತು. ಅದೇ ದಕ್ಷಿಣ ಸೀಮೆಯ ಅಟ್ಲಾಂಟಾದಿಂದ 1994ರಲ್ಲಿ ಮೊದಲ ಆಲ್ಬಮ್ ತಂದ ಔಟ್‌ಕಾಸ್ಟ್ ಎಂಬ ರ‍್ಯಾಪ್ ಜೋಡಿ ಮರುವರ್ಷ ನ್ಯೂಯಾರ್ಕಿನಲ್ಲಿ ಪ್ರಶಸ್ತಿಗಾಗಿ ವೇದಿಕೆಯೇರಿದಾಗ ಸಭೆ ಕೂಗಿ ಅವಮಾನಿಸಿತೆಂದೂ, 2004ರಲ್ಲಿ ವರ್ಷದ ಶ್ರೇಷ್ಠ ಆಲ್ಬಮಿಗೆ ಮೀಸಲಾದ ಗ್ರ್ಯಾಮಿ ಪ್ರಶಸ್ತಿ ಆ ಜೋಡಿಗೇ ಬಂದಿತೆಂದೂ ಆಮೇಲೆ ಓದಿ ತಿಳಿದುಕೊಂಡೆ. ದಕ್ಷಿಣದವರ ಮೊದಲ ಕೃತಿಗೆ ಈ ನ್ಯಾಯಸ್ಥಾನದ ಅಲೆದಾಟ ತಪ್ಪಿದ್ದಲ್ಲವೆಂದು ತೋರುತ್ತದೆ.

ಮಾರನೆಯ ದಿನ ಆ ವಿದ್ಯಾರ್ಥಿಗಳಿಬ್ಬರನ್ನೂ ಕರೆದು, ವಾದದ ವಸ್ತುವಾದ ಆಲ್ಬಮ್ಮನ್ನು ನನಗೂ ಕೇಳಿಸಬೇಕೆಂದು ಹೇಳಿದೆ. ಮೂವರೂ ಕುಳಿತು ಕೇಳಿದೆವು. ನನಗೆ ಅರ್ಧದಷ್ಟೂ ತಿಳಿಯಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ತೀರ್ಪನ್ನು ಕೊಡಲಿಲ್ಲ, ಮುಂದಿನ ವಾರ ಮತ್ತೊಮ್ಮೆ ಕೇಳೋಣವೆಂದೆ.